ಶ್ವಾಸಕೋಶ ಕುಸಿದ ಮೇಲೆ ಸಾಹಸ: ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ

2016ರ ಮಾರ್ಚ್ 20ರಂದು ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್‌ನಲ್ಲಿ ಫಾರ್ಮುಲಾ ಒನ್ ಚಾಲಕ ಫರ್ನಾಂಡೊ ಅಲೊನ್ಸೊ ಅವರ ಕಾರು ಮುಂದಿನ ಕಾರಿಗೆ ತಗುಲಿ, ಗೋಡೆಗೆ ಬಡಿದು, ಪಲ್ಟಿ ಹೊಡೆದು ನುಜ್ಜುಗುಜ್ಜಾಯಿತು. ಅದರೊಳಗಿಂದ ಅವರೇ ತೆವಳಿಕೊಂಡು ಹೊರಬಂದರು. ಪಕ್ಕೆಲುಬು ಮುರಿದಿದೆ, ಶ್ವಾಸಕೋಶದ ಹೊರಗೆ ಒಂದಿಷ್ಟು ಗಾಳಿ ಸೇರಿಕೊಂಡಿದೆ ಎಂದು ಗೊತ್ತಾದದ್ದು ಆಮೇಲೆ. ಎರಡು ವಾರ ಬಿಟ್ಟು ಬಹರೇನ್‌ನಲ್ಲಿ ಓಡಿಸಲು ಬಂದರೆ, ಸಿ.ಟಿ. ಸ್ಕ್ಯಾನ್ ನೋಡಿದ ಎಫ್‌ಐಎ ವೈದ್ಯರು ಬೇಡವೆಂದರು. ಏಪ್ರಿಲ್ 17ರ ಚೀನಾ ರೇಸಿಗೆ ಷರತ್ತಿನ ಮೇಲೆ ಒಪ್ಪಿದರು. ಲೆಕ್ಕಕ್ಕೆ ನಾಲ್ಕು ವಾರ.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಸಿ.ಜೆ. ಮೆಕಾಲಮ್ ಅವರಿಗೆ 2021ರ ಡಿಸೆಂಬರ್‌ನಲ್ಲಿ ಇದೇ ಆಯಿತು. ಆರು ವಾರ ಹೊರಗುಳಿದು ಜನವರಿಯಲ್ಲಿ ಮತ್ತೆ ಅಂಗಳಕ್ಕಿಳಿದರು. 2023ರ ನವೆಂಬರ್‌ನಲ್ಲಿ ಇನ್ನೊಂದು ಸಲ ಆಯಿತು, ಮತ್ತೆ ಬೆಂಚು. ಡೆನ್ಮಾರ್ಕಿನ ಸೈಕಲ್ ಪಟು ಯೋನಾಸ್ ವಿಂಗೆಗೋರ್ 2024ರ ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ಪ್ರಾಂತ್ಯದ ಇಳಿಜಾರಿನಲ್ಲಿ ಬಿದ್ದು ಕೊರಳೆಲುಬು, ಪಕ್ಕೆಲುಬು ಮುರಿದುಕೊಂಡರು, ಶ್ವಾಸಕೋಶವೂ ಕುಸಿಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ ಮನುಷ್ಯ ಜೂನ್ 29ಕ್ಕೆ ಟೂರ್ ಡಿ ಫ್ರಾನ್ಸ್‌ನ ಗೆರೆಯ ಮೇಲೆ ನಿಂತಿದ್ದರು. ಎರಡನೆಯ ಸ್ಥಾನ ಪಡೆದರು ಕೂಡ.

ಈಗ ಇದೇ ತೊಂದರೆಯಿಂದ ಚೇತರಿಸಿಕೊಂಡ ನಮ್ಮ ಕಡೆಯ ಹುಡುಗನೊಬ್ಬ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡುತ್ತೇನೆ ಅಂದ ಎನ್ನಿ. ಸರಿಯಾಗಿ ಕಲಿತ ತರಬೇತುದಾರ ನಾಲ್ಕು ವಾರ, ಹನ್ನೆರಡು ವಾರ ಎಂದು ಲೆಕ್ಕ ಹೇಳುವುದಿಲ್ಲ. ಬಹುಮಟ್ಟಿಗೆ ‘ನಿಮಗೆ ಇದು ಬೇಡವೇ ಬೇಡ’ ಎನ್ನುತ್ತಾನೆ. ಗಂಟೆಗೆ 300 ಕಿ.ಮೀ. ವೇಗದ ಕಾರಿಗೆ ಒಪ್ಪಿಗೆ, ಮೀನು ನೋಡುತ್ತಾ ನಿಧಾನ ತೇಲುವುದಕ್ಕೆ ನಿಷೇಧ! ಆದರೆ ತರಬೇತುದಾರ ಹೇಳುವುದೇ ಸರಿ. ಮೈ ಜುಮ್ಮೆನ್ನುವುದಕ್ಕೂ ಶ್ವಾಸಕೋಶದ ಅಪಾಯಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. ‘ಎಷ್ಟು ವಾರ ಬಿಟ್ಟು ಹೋಗಬಹುದು’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಕೂತರೆ ದಾರಿ ತಪ್ಪುತ್ತದೆ. ಮೊದಲ ಸಲ ಕುಸಿದದ್ದೇಕೆ, ಮಾಡಹೊರಟ ಚಟುವಟಿಕೆಯಲ್ಲಿ ಸುತ್ತಲಿನ ಗಾಳಿಯ ಒತ್ತಡ ಎಷ್ಟು ಏರಿಳಿಯುತ್ತದೆ, ಅಲ್ಲೇ ಇನ್ನೊಮ್ಮೆ ಕುಸಿದರೆ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಕೇಳಿಕೊಳ್ಳಬೇಕು.

ಶ್ವಾಸಕೋಶಕ್ಕೆ ಒಂದು ತೆಳು ಹೊದಿಕೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು. ಇವೆರಡರ ನಡುವೆ ಇರುವುದು ಹನಿ ದ್ರವ ಮಾತ್ರ, ಗಾಳಿಗೆ ಅಲ್ಲಿ ಜಾಗವಿಲ್ಲ. ಆ ಸಂದಿನ ಒತ್ತಡ ಹೊರಗಿನ ಗಾಳಿಗಿಂತ ಕೊಂಚ ಕಡಿಮೆ ಇರುವುದರಿಂದಲೇ ಶ್ವಾಸಕೋಶ ಗೋಡೆಗೆ ಅಂಟಿಕೊಂಡಂತೆ ಅರಳಿ ನಿಂತಿರುತ್ತದೆ. ಎಲ್ಲಿಂದಲಾದರೂ ಆ ಸಂದಿಗೆ ಗಾಳಿ ನುಗ್ಗಿದರೆ ಎಳೆತ ತಪ್ಪಿ ಅದು ಒಳಕ್ಕೆ ಕುಗ್ಗುತ್ತದೆ. ಇದನ್ನೇ ವೈದ್ಯರು ನ್ಯೂಮೊಥೊರಾಕ್ಸ್ ಎನ್ನುವುದು. ಒಂದು ಬದಿಗೆ ಚುಚ್ಚಿದಂಥ ನೋವು, ಉಸಿರು ಪೂರ್ತಿ ಎಳೆದುಕೊಳ್ಳಲಾಗದ ಸಂಕಟ, ಕೆಲವರಿಗೆ ಭುಜದಲ್ಲೂ ನೋವು. ಹುಡುಗರು ಇದನ್ನು ಗ್ಯಾಸ್ಟ್ರಿಕ್ ಎಂದೋ, ಜಿಮ್ಮಿನಲ್ಲಿ ಸ್ನಾಯು ಹಿಡಿದುಕೊಂಡಿದೆ ಎಂದೋ ಎರಡು ದಿನ ತಳ್ಳುವುದುಂಟು.

ಗಾಳಿ ಹೆಚ್ಚಿದ್ದರೆ ಕಂಕುಳ ಕೆಳಗೆ, ಪಕ್ಕೆಲುಬುಗಳ ನಡುವೆ ಕೊಳವೆ ಇಳಿಸುತ್ತಾರೆ. ಅದರ ಇನ್ನೊಂದು ತುದಿ ಮಂಚದ ಕೆಳಗಿನ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರಬಹುದು, ಹೊರಗಿನದು ಒಳಹೋಗಲು ನೀರು ಬಿಡುವುದಿಲ್ಲ. ವಾರ್ಡಿಗೆ ಬಂದ ವೈದ್ಯರು ‘ಒಮ್ಮೆ ಕೆಮ್ಮಿ ನೋಡೋಣ’ ಅಂದು ಬಗ್ಗಿ ನೋಡುವುದು ರೋಗಿಯ ಮುಖವನ್ನಲ್ಲ, ಬಾಟಲಿಯನ್ನು. ಕೆಮ್ಮಿದಾಗ ಗುಳ್ಳೆ ಎದ್ದರೆ ಸೋರಿಕೆ ಇನ್ನೂ ನಿಂತಿಲ್ಲ. ಗುಳ್ಳೆ ನಿಂತು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿದ್ದು ಕಂಡರೆ ಕೊಳವೆ ತೆಗೆಯುತ್ತಾರೆ. ಮುಂದೆ ಹೇಳುವ ವಾರಗಳನ್ನೆಲ್ಲ ಎಣಿಸಬೇಕಾದದ್ದು ಪೂರ್ತಿ ಅರಳಿದ್ದು ಕಂಡ ಆ ಎಕ್ಸ್‌ರೇಯ ದಿನದಿಂದ. ನೋವು ಬಂದ ದಿನದಿಂದಲೋ ಆಸ್ಪತ್ರೆ ಬಿಟ್ಟ ದಿನದಿಂದಲೋ ಎಣಿಸಿ ಎಡವುವವರೇ ಜಾಸ್ತಿ.

ಕೊಳವೆ ಎಲ್ಲರಿಗೂ ಬೇಕಾಗಿಲ್ಲ ಎಂಬುದು ಈಚಿನ ತಿಳಿವಳಿಕೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 316 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಧಾರಣದಿಂದ ದೊಡ್ಡ ಪ್ರಮಾಣದ ಕುಸಿತ ಇದ್ದವರಲ್ಲಿ ಅರ್ಧ ಜನಕ್ಕೆ ಕೊಳವೆ ಹಾಕಿದರು, ಉಳಿದರ್ಧಕ್ಕೆ ಕಾದು ನೋಡಿದರು. ಎಂಟು ವಾರಕ್ಕೆ ಎರಡೂ ಗುಂಪಿನವರ ಶ್ವಾಸಕೋಶ ಹೆಚ್ಚುಕಡಿಮೆ ಒಂದೇ ಸಮನಾಗಿ ಅರಳಿತ್ತು. ಒಂದು ವರ್ಷದೊಳಗೆ ಮರುಕಳಿಸಿದ್ದು ಕಾದವರಲ್ಲಿ ಶೇ 8.8, ಕೊಳವೆ ಹಾಕಿಸಿಕೊಂಡವರಲ್ಲಿ ಶೇ 16.8. ಸುಮ್ಮನೆ ಕಾಯುವುದೂ ಚಿಕಿತ್ಸೆಯೇ ಎಂದು ಒಪ್ಪಿಕೊಳ್ಳುವುದು ರೋಗಿಗೂ ಮನೆಯವರಿಗೂ ಕಷ್ಟ, ನಿಜ. ಆದರೆ ಒಳಗಿನ ಗಾಳಿಯನ್ನು ದೇಹ ದಿನಕ್ಕೆ ಎದೆಗೂಡಿನ ಆ ಬದಿಯ ಶೇ 1ರಿಂದ 2ರಷ್ಟು ಮಾತ್ರ ಹೀರಿಕೊಳ್ಳುತ್ತದೆ. ಕಾಲು ಭಾಗ ಗಾಳಿ ತುಂಬಿದ್ದರೆ ಎರಡು ಮೂರು ವಾರ ಹಿಡಿಯುವುದು ಸಹಜ. ಈ ದಿನಗಳಲ್ಲಿ ವಿಮಾನವೂ ಬೇಡ, ಬೆಟ್ಟವೂ ಬೇಡ.

ಇನ್ನು ಮೊದಲ ಪ್ರಶ್ನೆ, ಯಾಕೆ ಕುಸಿಯಿತು ಎಂಬುದು. ಅಲೊನ್ಸೊ, ವಿಂಗೆಗೋರ್ ಅವರದು ಪೆಟ್ಟಿನಿಂದ ಆದದ್ದು. ಶ್ವಾಸಕೋಶದಲ್ಲಿ ಮೊದಲಿಂದ ದೋಷವಿರಲಿಲ್ಲ. ಗಾಯ ಮಾಗಿತು, ಎಲುಬು ಕೂಡಿತು, ಕಥೆ ಮುಗಿಯಿತು. ಹಾಗಾಗಿ ಪೆಟ್ಟಿನ ಕುಸಿತ ಮರುಕಳಿಸುವುದು ಅಪರೂಪ. ಇಂಥವರು ಕಾಯಬೇಕಾದದ್ದು ಎಲುಬಿಗಾಗಿ. ಅರೆಗೂಡಿದ ಪಕ್ಕೆಲುಬಿಗೆ ಇನ್ನೊಂದು ಪೆಟ್ಟು ಬಿದ್ದರೆ ಅದರ ಮೊನೆ ಶ್ವಾಸಕೋಶಕ್ಕೆ ಚುಚ್ಚಬಹುದು. ಅಲೊನ್ಸೊ ಬಹರೇನ್‌ನಲ್ಲಿ ಸುಮ್ಮನೆ ಕೂರಬೇಕಾದದ್ದೂ ಈ ಭಯದಿಂದ.

ಯಾವ ಪೆಟ್ಟೂ ಇಲ್ಲದೆ, ಆರೋಗ್ಯವಂತರೆಂದು ತೋರುವವರಲ್ಲಿ ತಾನೇ ತಾನಾಗಿ ಆಗುವ ಕುಸಿತದ ಜಾತಿಯೇ ಬೇರೆ. ಎತ್ತರದ, ಸಣಕಲು ಮೈಯ, ಹದಿಹರೆಯ ದಾಟಿದ ಗಂಡುಹುಡುಗರಲ್ಲಿ ಇದು ಹೆಚ್ಚು. ಶ್ವಾಸಕೋಶದ ತುದಿಯಲ್ಲಿ ಪೊರೆ ತೆಳುವಾಗಿ ಸಣ್ಣ ಗುಳ್ಳೆಗಳೆದ್ದಿರುತ್ತವೆ, ಅದರಲ್ಲೊಂದು ಒಡೆಯುತ್ತದೆ. ಸೇದುವವರಲ್ಲಿ ಅಪಾಯ ಹಲವು ಪಟ್ಟು. ಸ್ವೀಡನ್ನಿನ ಹಳೆಯ ಅಧ್ಯಯನವೊಂದು ಸೇದುವ ಗಂಡಸರಲ್ಲಿ 22 ಪಟ್ಟು ಎಂದು ಲೆಕ್ಕ ಹಾಕಿತ್ತು. ಬೀಡಿ, ಸಿಗರೇಟು, ಗಾಂಜಾ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಮೊದಲ ಸಲ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಒಟ್ಟು ಶೇ 32, ಅದರಲ್ಲಿ ಮೊದಲ ವರ್ಷದೊಳಗೇ ಶೇ 29. ಬಿಟ್ಟವರಿಗೆ ಸೇದುತ್ತಲೇ ಇರುವವರಿಗಿಂತ ಅಪಾಯ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದೂ ಅದೇ ವಿಶ್ಲೇಷಣೆಯಿಂದ ಗೊತ್ತಾಯಿತು. ಸಾಹಸಕ್ಕೆ ಮರಳುವ ಮೊದಲ ಮೆಟ್ಟಿಲು ಸಿಗರೇಟು ಬಿಡುವುದು. ಅದನ್ನು ಬಿಡದೆ ಪ್ಯಾರಾಗ್ಲೈಡಿಂಗ್ ಸುರಕ್ಷಿತವೇ ಎಂದು ಕೇಳುವವರ ಬಗ್ಗೆ ನನಗೆ ಅನುಕಂಪ ಸ್ವಲ್ಪ ಕಡಿಮೆ.

ಮೂರನೆಯದು ಬೇರೊಂದು ಕಾಯಿಲೆಯ ಬೆನ್ನಿಗೆ ಬರುವಂಥದು. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇದರ ಮುಖ್ಯ ಕಾರಣಗಳಲ್ಲೊಂದು. ವಯಸ್ಸಾದ ಧೂಮಪಾನಿಗಳ ಹಾಳಾದ ಶ್ವಾಸಕೋಶ ಇನ್ನೊಂದು. ಮುಟ್ಟಿನ ದಿನಗಳ ಆಸುಪಾಸಿನಲ್ಲೇ ಮತ್ತೆ ಮತ್ತೆ ಆಗುವ ಹೆಂಗಸರಲ್ಲಿ ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಎದೆಯೊಳಗೂ ಬೆಳೆದಿರಬಹುದು. ತೀರ ಉದ್ದ ಕೈಕಾಲು, ಸಡಿಲ ಕೀಲುಗಳಿರುವವರಲ್ಲಿ ಮಾರ್ಫಾನ್ ಎಂಬ ವಂಶವಾಹಿ ದೋಷವಿದ್ದರೆ ಹೃದಯದಿಂದ ಹೊರಡುವ ಮಹಾಧಮನಿಯನ್ನೂ ಪರೀಕ್ಷಿಸಬೇಕು. ಮನೆಯಲ್ಲಿ ಅಣ್ಣನಿಗೋ ಚಿಕ್ಕಪ್ಪನಿಗೋ ಆಗಿತ್ತೆಂದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಈ ಗುಂಪಿನವರಿಗೆ ಪತ್ರಿಕೆಯ ಲೇಖನದ ಸಲಹೆ ಸಾಲದು. ಮೂಲ ಕಾಯಿಲೆಯ ಸ್ಥಿತಿ ನೋಡಿಯೇ ನಿರ್ಧಾರ ಆಗಬೇಕು.

ಎರಡನೆಯ ಪ್ರಶ್ನೆ ಒತ್ತಡದ್ದು. ಮಡಿಕೇರಿಗೋ ಊಟಿಗೋ ಘಾಟಿ ಹತ್ತುವಾಗ ಚೀಲದಲ್ಲಿಟ್ಟ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನೋಡಿದ್ದೀರಿ. ಎದೆಯ ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿಯೂ ಹಾಗೆಯೇ ಉಬ್ಬುತ್ತದೆ. 17ನೇ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ಹೇಳಿದ್ದೂ ಅಷ್ಟೇ: ಒತ್ತಡ ಇಳಿದಷ್ಟು ಗಾಳಿ ಹಿಗ್ಗುತ್ತದೆ. ದೊಡ್ಡ ವಿಮಾನಗಳು 35,000 ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಒತ್ತಡವನ್ನು ಹೆಚ್ಚೆಂದರೆ 8,000 ಅಡಿಯ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದಿರುತ್ತಾರೆ. ಅಷ್ಟಕ್ಕೇ, ಸಮುದ್ರಮಟ್ಟದಲ್ಲಿ ಎದೆಯೊಳಗಿದ್ದ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಶ್ವಾಸಕೋಶ ಪೂರ್ತಿ ಅರಳಿದವರಿಗೆ ಸಂದಿಯಲ್ಲಿ ಗಾಳಿಯೇ ಇಲ್ಲವಾದ್ದರಿಂದ ಹಿಗ್ಗುವುದಕ್ಕೂ ಏನಿಲ್ಲ. ಅರೆಬರೆ ವಾಸಿಯಾದವರಿಗೇ ಅಪಾಯ.

ಇದನ್ನು 1995ರ ಮೇ ತಿಂಗಳಿನಲ್ಲಿ ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ನಡೆದ ಘಟನೆಗಿಂತ ಚೆನ್ನಾಗಿ ತೋರಿಸುವುದು ಕಷ್ಟ. ವಿಮಾನ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಮೋಟಾರ್ ಬೈಕಿನಿಂದ ಬಿದ್ದಿದ್ದ ಮಹಿಳೆಯೊಬ್ಬರು ‘ಏನೂ ಆಗಿಲ್ಲ, ಕೈ ಸ್ವಲ್ಪ ನೋಯುತ್ತಿದೆ’ ಎಂದುಕೊಂಡೇ ಹತ್ತಿದ್ದರು. ವಿಮಾನ ಮೇಲೇರಿದ ಮೇಲೆ ಉಸಿರು ಕಟ್ಟತೊಡಗಿತು. ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿತ್ತು, ಸೋರಿದ ಗಾಳಿ ಒಳಗೇ ಹಿಗ್ಗುತ್ತಾ ಹೃದಯವನ್ನು ಪಕ್ಕಕ್ಕೆ ತಳ್ಳುವ ಹಂತಕ್ಕೆ ಬಂದಿತ್ತು. ಪ್ರಯಾಣಿಕರಾಗಿದ್ದ ಮೂಳೆ ಶಸ್ತ್ರವೈದ್ಯ ಆಂಗಸ್ ವಾಲೆಸ್ ಮತ್ತು ಯುವ ವೈದ್ಯ ಟಾಮ್ ವಾಂಗ್ ಹಿಂದಿನ ಸೀಟಿನಲ್ಲೇ ಶಸ್ತ್ರಚಿಕಿತ್ಸೆಗಿಳಿದರು. ಕೋಟು ತೂಗುಹಾಕುವ ಹ್ಯಾಂಗರಿನ ತಂತಿಯನ್ನು ನೇರ ಮಾಡಿ, ಬ್ರಾಂಡಿಯಲ್ಲಿ ತೊಳೆದು, ವಿಮಾನದ ಔಷಧ ಪೆಟ್ಟಿಗೆಯಲ್ಲಿದ್ದ ಮೂತ್ರದ ಕೊಳವೆಯೊಳಗೆ ತೂರಿಸಿ, ಅದರ ಬಲದಿಂದ ಕೊಳವೆಯನ್ನು ಎದೆಯೊಳಕ್ಕೆ ಇಳಿಸಿದರು. ಇನ್ನೊಂದು ತುದಿ ಕುಡಿಯುವ ನೀರಿನ ಬಾಟಲಿಗೆ. ವಾರ್ಡಿನ ಮಂಚದ ಕೆಳಗಿರುವ ಅದೇ ಏರ್ಪಾಡು, 30,000 ಅಡಿಯ ಮೇಲೆ! ಮಹಿಳೆ ಬದುಕಿದರು. ವಾಲೆಸ್ ಆಮೇಲೆ ಇದನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಬಿದ್ದು ಪಕ್ಕೆ ನೋವಾದ ದಿನವೇ ವಿಮಾನ ಹತ್ತುವವರಿಗೆ ಈ ಕಥೆ ಹೇಳಬೇಕು.

ಬ್ರಿಟನ್ನಿನ ಎದೆರೋಗ ತಜ್ಞರ ಸಂಘದ ಮಾರ್ಗಸೂಚಿಯನ್ನೇ ಬಹಳ ದೇಶಗಳ ವೈದ್ಯರು ಅನುಸರಿಸುತ್ತಾರೆ. ಅದರಂತೆ, ಎಕ್ಸ್‌ರೇಯಲ್ಲಿ ಪೂರ್ತಿ ಅರಳಿದ್ದು ಖಚಿತವಾಗಿ ಏಳು ದಿನ ಕಳೆದ ಮೇಲೆ ವಿಮಾನ ಹತ್ತಬಹುದು. ಹಿಂದೆ ಆರು ವಾರ ಎನ್ನುತ್ತಿದ್ದರು. ಪೆಟ್ಟು ಅಥವಾ ಎದೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಎರಡು ವಾರ ಎಂದು ಹೇಳುವುದು ವಾಡಿಕೆ. ಲೇಹ್‌ಗೆ ಹೋಗುವವರು ಮಾತ್ರ ಇನ್ನೊಂದು ಯೋಚಿಸಬೇಕು. ಅಲ್ಲಿನ ನಿಲ್ದಾಣವೇ 3,250 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಅಂದರೆ ವಿಮಾನದೊಳಗೆ ಸಾಮಾನ್ಯವಾಗಿ ಇರುವುದಕ್ಕಿಂತ ಒತ್ತಡ ಕಡಿಮೆ. ಬಾಗಿಲು ತೆರೆದು ಇಳಿದ ಮೇಲೆ ದಿನಗಟ್ಟಲೆ ಅಲ್ಲೇ ಇರಬೇಕು. ಏಳನೇ ದಿನಕ್ಕೆ ದೆಹಲಿಗೆ ಹೋಗುವುದೂ ಲೇಹ್‌ಗೆ ಹೋಗುವುದೂ ಒಂದೇ ಅಲ್ಲ.

ಸ್ಕೈಡೈವಿಂಗ್‌ನಲ್ಲಿ ಜನ ಹೆದರುವುದು ಜಿಗಿತಕ್ಕೆ. ಶ್ವಾಸಕೋಶದ ಮಟ್ಟಿಗೆ ನೋಡಬೇಕಾದದ್ದು ಅದಕ್ಕೂ ಮುಂಚಿನ ಹತ್ತಿಪ್ಪತ್ತು ನಿಮಿಷವನ್ನು. ಮೈಸೂರಿನಲ್ಲಿ ನಡೆದ ಶಿಬಿರಗಳೂ ಸೇರಿ ಎಲ್ಲೆಡೆ ಬಳಸುವುದು ಒತ್ತಡ ಕಾಯುವ ಏರ್ಪಾಡಿಲ್ಲದ ಸಣ್ಣ ವಿಮಾನ. 10,000 ಅಡಿಗೆ ಏರುವಷ್ಟರಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ಕ್ಕೆ ಇಳಿದಿರುತ್ತದೆ. ಒಳಗೆ ಗಾಳಿ ಉಳಿದಿದ್ದರೆ ತೊಂದರೆ ಆಗುವುದು ಅಲ್ಲೇ, ಬಾಗಿಲು ತೆರೆಯುವ ಮೊದಲೇ. ಕೆಳಗೆ ಬೀಳುವಾಗ ಒತ್ತಡ ಏರುವುದರಿಂದ ಗಾಳಿ ಕುಗ್ಗುತ್ತದೆ. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಎದೆಯ ಪಟ್ಟಿ ಹಿಡಿದು ಜಗ್ಗಿದಂತಾಗುವ ಎಳೆತ, ನೆಲ ಮುಟ್ಟುವಾಗಿನ ಕುಕ್ಕು. ತಾನಾಗಿ ಕುಸಿದಿದ್ದವರು, ಶಸ್ತ್ರಚಿಕಿತ್ಸೆ ಆಗದಿದ್ದರೆ, ಅಪಾಯ ಹೆಚ್ಚಿರುವ ಮೊದಲ ವರ್ಷವನ್ನು ಕಳೆದ ಮೇಲೆ ಯೋಚಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಮಾರ್ಗಸೂಚಿಗಳಲ್ಲಿ ಇದಕ್ಕೆ ಸ್ಪಷ್ಟ ಸಂಖ್ಯೆ ಸಿಗುವುದಿಲ್ಲ. ಪ್ಯಾರಾಗ್ಲೈಡಿಂಗ್ ಇದಕ್ಕಿಂತ ಸೌಮ್ಯ. ಹಿಮಾಚಲದ ಬಿಲ್ಲಿಂಗ್‌ನಲ್ಲಿ 2,400 ಮೀಟರ್ ಎತ್ತರದಿಂದ ಹಾರಿ ಕೆಳಗಿನ ಬೀರ್‌ನಲ್ಲಿ ಇಳಿಯುವವರಿಗೆ ಒತ್ತಡದ ಬದಲಾವಣೆಯೆಲ್ಲ ಜೀಪಿನಲ್ಲಿ ಮೇಲೆ ಹೋಗುವಾಗಲೇ ಆಗಿಬಿಟ್ಟಿರುತ್ತದೆ. ಬಿಸಿಗಾಳಿಯ ಸುಳಿ ಹಿಡಿದು ಗಂಟೆಗಟ್ಟಲೆ ಮೇಲೇರುವ ಅನುಭವಿಗಳ ಮಾತು ಬೇರೆ.

ಈಗ ಸ್ಕೂಬಾ. ಇಲ್ಲಿ ನಿಧಾನವಾಗಿ ನೋಡಬೇಕು, ಯಾಕೆಂದರೆ ಕರ್ನಾಟಕದ ಕರಾವಳಿಯಲ್ಲಿ, ಅಂಡಮಾನಿನಲ್ಲಿ, ಈಜು ಬರದವರನ್ನೂ ಕೈಹಿಡಿದು ನೀರಿಗಿಳಿಸುವ ಅರ್ಧ ದಿನದ ಸ್ಕೂಬಾ ಈಗ ಪ್ರವಾಸದ ಮಾಮೂಲಿ ಭಾಗ. ಗಾಳಿಯಲ್ಲಿ ಸಾವಿರಾರು ಅಡಿ ಏರಿದರೆ ಆಗುವ ಒತ್ತಡದ ಬದಲಾವಣೆ ನೀರಿನಲ್ಲಿ ಕೆಲವೇ ಮೀಟರ್‌ಗಳಲ್ಲಿ ಆಗುತ್ತದೆ. ಪ್ರತಿ ಹತ್ತು ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಸೇರಿಕೊಳ್ಳುತ್ತದೆ. ಆ ಆಳದಲ್ಲಿ ಸಿಲಿಂಡರಿನಿಂದ ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದ್ದು. ಹತ್ತು ಮೀಟರ್ ಕೆಳಗಿನಿಂದ ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಎರಡು ಪಟ್ಟಾಗುತ್ತದೆ. ಮೂವತ್ತರಿಂದ ಇಪ್ಪತ್ತು ಮೀಟರ್‌ಗೆ ಬಂದರೆ ಹಿಗ್ಗುವುದು ಮೂರನೇ ಒಂದು ಭಾಗ ಮಾತ್ರ. ಅಂದರೆ ಹೊಸಬರನ್ನು ಕರೆದೊಯ್ಯುವ, ಎಲ್ಲರೂ ಸುರಕ್ಷಿತವೆಂದು ನಂಬಿರುವ ಮೇಲುಮೇಲಿನ ನೀರೇ ಶ್ವಾಸಕೋಶಕ್ಕೆ ಹೆಚ್ಚು ಕಠಿಣ. ಉಸಿರು ಬಿಗಿಹಿಡಿದು ಒಂದೂವರೆ ಮೀಟರ್ ಮೇಲೇರಿದರೂ ಆರೋಗ್ಯವಂತ ಶ್ವಾಸಕೋಶ ಹರಿಯಬಹುದು. ಹಾಗಾಗಿಯೇ ತರಬೇತಿಯ ಮೊದಲ ಪಾಠ, ಉಸಿರು ಕಟ್ಟಬಾರದು.

ಹಿಂದೊಮ್ಮೆ ಕುಸಿದ ಶ್ವಾಸಕೋಶದಲ್ಲಿ ತೆಳು ಗುಳ್ಳೆಗಳು ಇನ್ನೂ ಇವೆ ಎಂದುಕೊಳ್ಳಿ. ಅವುಗಳೊಳಗೆ ಹೊಕ್ಕ ಗಾಳಿ ಮೇಲೆ ಬರುವಾಗ ಬೇಗ ಹೊರಹೋಗಲಾಗದೆ ಅಲ್ಲೇ ಹಿಗ್ಗುತ್ತದೆ, ಪೊರೆ ಒಡೆಯುತ್ತದೆ. ನೀರೊಳಗೆ ಕುಸಿತ ಶುರುವಾದವನಿಗೆ ಅಲ್ಲೇ ನಿಲ್ಲುವಂತಿಲ್ಲ, ಮೇಲೆ ಬಂದಂತೆ ಎದೆಯೊಳಗಿನ ಗಾಳಿ ಮತ್ತಷ್ಟು ಹಿಗ್ಗುತ್ತದೆ. ಒಡೆದ ಜಾಗದಿಂದ ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಬಸ್ಸಿನಲ್ಲಿ, ಮನೆಯಲ್ಲಿ ಆದರೆ ಆಟೊ ಹಿಡಿದು ಆಸ್ಪತ್ರೆಗೆ ಹೋಗಬಹುದಾದ ತೊಂದರೆಯೇ ಇಲ್ಲಿ ಜೀವ ತೆಗೆಯುತ್ತದೆ. ನೇತ್ರಾಣಿಯಿಂದ ದಡಕ್ಕೇ ಸುಮಾರು 19 ಕಿ.ಮೀ. ದೋಣಿ ಪ್ರಯಾಣ.

ಹಾಗಾಗಿ ಬ್ರಿಟಿಷ್ ಮಾರ್ಗಸೂಚಿ ತಾನಾಗಿ ಕುಸಿತ ಆದವರಿಗೆ ಸ್ಕೂಬಾ ಶಾಶ್ವತವಾಗಿ ಬೇಡ ಎನ್ನುತ್ತದೆ. ವಿನಾಯಿತಿ ಒಂದೇ: ಎದೆಗೂಡಿನ ಒಳಹೊದಿಕೆಯನ್ನು ಶಸ್ತ್ರಚಿಕಿತ್ಸೆಯಿಂದ ಸುಲಿದು ತೆಗೆದು, ಶ್ವಾಸಕೋಶ ಗೋಡೆಗೆ ಶಾಶ್ವತವಾಗಿ ಅಂಟಿಕೊಳ್ಳುವಂತೆ ಮಾಡಿರಬೇಕು. ಅದೂ ಎರಡೂ ಬದಿಗೆ ಆಗಿ, ಸಿ.ಟಿ. ಸ್ಕ್ಯಾನೂ ಉಸಿರಾಟದ ಪರೀಕ್ಷೆಯೂ ಸರಿಯಾಗಿರಬೇಕೆಂಬುದು ಈ ಕ್ಷೇತ್ರದವರ ಹಳೆಯ ಪಟ್ಟು. ಬೇರೆ ಕೆಲವೆಡೆಯ ಸ್ಕೂಬಾ ವೈದ್ಯರು ಶಸ್ತ್ರಚಿಕಿತ್ಸೆಯ ನಂತರವೂ ಒಪ್ಪುವುದಿಲ್ಲ, ಅಂಟಿಸಿದರೂ ಶ್ವಾಸಕೋಶದ ದೋಷ ಹೋಗಿಲ್ಲವಲ್ಲ ಎಂದು. ನನಗೆ ಈ ಎರಡನೆಯವರ ವಾದವೇ ಗಟ್ಟಿ ಎನಿಸುತ್ತದೆ. ಕೇವಲ ಮೀನು ನೋಡುವುದಕ್ಕಾಗಿ ಎದೆ ಕೊಯ್ಸಿಕೊಳ್ಳುವುದು ಹುಚ್ಚು. ನೌಕಾಪಡೆಯ ಮುಳುಗುಗಾರರಂತೆ ಅದೇ ಹೊಟ್ಟೆಪಾಡಾಗಿರುವವರ ಲೆಕ್ಕ ಬೇರೆ. ಪೆಟ್ಟಿನಿಂದ ಕುಸಿದು ಪೂರ್ತಿ ವಾಸಿಯಾದವರಿಗೆ ಕೆಲವು ತಿಂಗಳ ನಂತರ, ಸ್ಕ್ಯಾನ್ ನೋಡಿ ಒಪ್ಪಿಗೆ ಸಿಗುವುದುಂಟು. ಉಳಿದವರಿಗೆ ಸ್ನಾರ್ಕೆಲ್ ಇದೆ. ನೀರಿನ ಮೇಲೇ ತೇಲುತ್ತಾ ಹೊರಗಿನ ಗಾಳಿಯನ್ನೇ ಉಸಿರಾಡುವುದರಿಂದ ಈ ಅಪಾಯ ಅಲ್ಲಿಲ್ಲ. ಆಳಕ್ಕೆ ಧುಮುಕುವ ಚಪಲ ಮಾತ್ರ ಬೇಡ.

ಆಸ್ಪತ್ರೆ ಎಷ್ಟು ದೂರ ಎಂಬ ಮೂರನೆಯ ಪ್ರಶ್ನೆಗೆ ಚಾರಣ ಒಳ್ಳೆಯ ಉದಾಹರಣೆ. ಪೂರ್ತಿ ವಾಸಿಯಾದವರಲ್ಲಿ ಎತ್ತರವೊಂದೇ ಮರುಕುಸಿತ ತರುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಇಲ್ಲೊಂದು ಚರಿತ್ರೆಯ ತಮಾಷೆಯಿದೆ. ಪ್ರತಿಜೈವಿಕಗಳು ಬರುವ ಮೊದಲು ಕ್ಷಯಕ್ಕೆ ಚಿಕಿತ್ಸೆಯೆಂದು ಶ್ವಾಸಕೋಶವನ್ನು ಬೇಕೆಂದೇ ಕುಸಿಯುವಂತೆ ಮಾಡುತ್ತಿದ್ದರು. ಇಟಲಿಯ ಕಾರ್ಲೊ ಫೊರ್ಲಾನಿನಿ 1882ರಲ್ಲಿ ಸೂಚಿಸಿದ ಈ ಉಪಾಯ ಸ್ವಿಟ್ಜರ್ಲೆಂಡಿನ ದಾವೋಸ್‌ನಂಥ ಬೆಟ್ಟದೂರಿನ ಆರೋಗ್ಯಧಾಮಗಳಲ್ಲಿ ದಶಕಗಟ್ಟಲೆ ನಡೆಯಿತು. ಥಾಮಸ್ ಮನ್ ಅವರ 1924ರ ಕಾದಂಬರಿ ‘ದಿ ಮ್ಯಾಜಿಕ್ ಮೌಂಟನ್’ನಲ್ಲಿ ಅರ್ಧ ಶ್ವಾಸಕೋಶದವರ ಒಂದು ಸಂಘವೇ ಬರುತ್ತದೆ. ಎದೆಯಲ್ಲಿ ಗಾಳಿ ತುಂಬಿಸಿಕೊಂಡವರು 1,500 ಮೀಟರ್ ಎತ್ತರದಲ್ಲಿ ಬಾಳಿದರು. ಆದರೆ ಬಾಗಿಲಾಚೆಯೇ ವೈದ್ಯರಿದ್ದರು ಎಂಬುದನ್ನು ಮರೆಯಬಾರದು.

ಕುಮಾರ ಪರ್ವತದ ಎತ್ತರ 1,712 ಮೀಟರ್. ಒತ್ತಡದ ದೃಷ್ಟಿಯಿಂದ ಏನೂ ಅಲ್ಲ. ಆದರೆ ಗಿರಿಗದ್ದೆ ದಾಟಿದ ಮೇಲೆ ಎದೆ ಹಿಡಿದುಕೊಂಡು ಕೂತವನನ್ನು ಹೊತ್ತೇ ಇಳಿಸಬೇಕು. ಸುಬ್ರಹ್ಮಣ್ಯದಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಮತ್ತೆ ಸುಮಾರು ನೂರು ಕಿಲೋಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, 1,900 ಮೀಟರ್ ಮೀರಿದ್ದು. ಆದರೆ ತುದಿಯ ಹತ್ತಿರದವರೆಗೂ ರಸ್ತೆಯಿದೆ, ಚಿಕ್ಕಮಗಳೂರು ಕೆಳಗೇ ಇದೆ. ಮೊದಲ ವರ್ಷದಲ್ಲಿ ಚಾರಣ ಬೇಕೆಂದರೆ ನಾನು ಮುಳ್ಳಯ್ಯನಗಿರಿಯನ್ನು ಆರಿಸುತ್ತೇನೆ. ಬೆಂಗಳೂರಿನ ಐಟಿ ಹುಡುಗರು ಗುಂಪು ಕಟ್ಟಿಕೊಂಡು ಹೋಗುವ ಕೇದಾರಕಂಠ, ಎವರೆಸ್ಟ್ ತಳಶಿಬಿರದಂಥ ಹಿಮಾಲಯದ ಚಾರಣಗಳು ಆಮೇಲೆ. 5,364 ಮೀಟರ್‌ನ ತಳಶಿಬಿರದಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನೂ ಇಲ್ಲ, ಹವೆ ಕೆಟ್ಟರೆ ಹೆಲಿಕಾಪ್ಟರೂ ಬರುವುದಿಲ್ಲ.

ಉಳಿದವು ಅಷ್ಟು ಕಠಿಣವಲ್ಲ. ತಾನಾಗಿ ಆಗುವ ಕುಸಿತಗಳಲ್ಲಿ ಬಹುಪಾಲು ಆಗುವುದು ಸುಮ್ಮನೆ ಕೂತಿರುವಾಗ, ಮಲಗಿರುವಾಗ, ಟಿ.ವಿ. ನೋಡುತ್ತಿರುವಾಗ. ಹಾಗಾಗಿ ಓಡಿದರೆ, ಈಜಿದರೆ ಮತ್ತೆ ಕುಸಿಯುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ನಡಿಗೆ ಮೊದಲ ದಿನದಿಂದಲೇ ಆಗಲಿ. ಓಟ, ಸೈಕಲ್, ಬ್ಯಾಡ್ಮಿಂಟನ್ ವಾಸಿಯಾದ ಎರಡು ಮೂರು ವಾರಕ್ಕೆ. ಕಬಡ್ಡಿ, ಕುಸ್ತಿಯಂಥ ಮೈಗೆ ಮೈ ತಾಗುವ ಆಟ, ಜಿಮ್ಮಿನ ಭಾರೀ ತೂಕ ಇವಕ್ಕೆ ಒಂದೂವರೆ ತಿಂಗಳಾದರೂ ಕಾಯಿರಿ ಎನ್ನುವುದು ಹೆಚ್ಚಿನ ತಜ್ಞರ ಮಾತು. ಇದು ಅನುಭವದ ಮಾತು, ದೊಡ್ಡ ಅಧ್ಯಯನಗಳ ಫಲವಲ್ಲ. ರೋಲರ್ ಕೋಸ್ಟರ್ ಹತ್ತಿದ ಮೇಲೆ ಕುಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೆರಳೆಣಿಕೆಯಷ್ಟಿವೆ. ಸ್ಪೀಕರಿನ ಪಕ್ಕ ನಿಂತು ಅಬ್ಬರದ ಸಂಗೀತ ಕೇಳಿದವರಲ್ಲಿ ಆದದ್ದನ್ನೂ ಬೆಲ್ಜಿಯಂನ ವೈದ್ಯರು 2004ರಲ್ಲಿ ವರದಿ ಮಾಡಿದ್ದಾರೆ. ಲಕ್ಷಾಂತರ ಜನ ಹತ್ತಿಳಿಯುವ ಆಟದಲ್ಲಿ ಇಷ್ಟು ಅಪರೂಪಕ್ಕೆ ಹೆದರಿ ಮಕ್ಕಳ ಜೊತೆ ಹೋಗದಿರುವುದು ಅತಿಯಾಯಿತು. ಎದೆಯ ಗಾಯ ಮಾಗುವವರೆಗೆ ಭುಜದ ಮೇಲಿಂದ ಬಿಗಿಯುವ ಪಟ್ಟಿಗಳನ್ನು ತಪ್ಪಿಸಿದರೆ ಸಾಕು. ದಾಂಡೇಲಿಯ ಕಾಳಿ ನದಿಯ ರಾಫ್ಟಿಂಗ್‌ಗೂ ಇದೇ ಮಾತು: ಬಂಡೆಗೆ ಬಡಿಸಿಕೊಳ್ಳಲು ಪಕ್ಕೆಲುಬು ಸಿದ್ಧವಾಗಿರಬೇಕು.

ಸಾಹಸದ ಪಟ್ಟಿಗೆ ಸೇರದ, ಆದರೆ ನಮ್ಮಲ್ಲಿ ಕೇಳಲೇಬೇಕಾದ ಒಂದಿದೆ: ಪ್ರಾಣಾಯಾಮ. ಆಸ್ಪತ್ರೆಯಿಂದ ಬಂದ ಮೂರನೇ ದಿನಕ್ಕೇ ‘ಶ್ವಾಸಕೋಶ ಗಟ್ಟಿಯಾಗಲಿ’ ಎಂದು ಕಪಾಲಭಾತಿ ಹೇಳಿಕೊಡುವ ಹಿತೈಷಿಗಳು ಪ್ರತಿ ಮನೆಯಲ್ಲೂ ಇರುತ್ತಾರೆ. ಕಪಾಲಭಾತಿ ಮಾಡುವಾಗಲೇ ಶ್ವಾಸಕೋಶ ಕುಸಿದ ಪ್ರಕರಣವೊಂದು 2004ರಲ್ಲಿ ಅಮೆರಿಕದ ‘ಚೆಸ್ಟ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಒಂದು ಪ್ರಕರಣದಿಂದ ಯೋಗವನ್ನು ದೂರಬೇಕಿಲ್ಲ. ಆದರೆ ರಭಸದಿಂದ ಉಸಿರು ತಳ್ಳುವ ಕಪಾಲಭಾತಿ, ಭಸ್ತ್ರಿಕಾ, ಬಹಳ ಹೊತ್ತು ಉಸಿರು ಹಿಡಿಯುವ ಕುಂಭಕ ಇವನ್ನು ವೈದ್ಯರು ಒಪ್ಪುವವರೆಗೆ ಬದಿಗಿಡಿ. ನಿಧಾನದ ದೀರ್ಘ ಉಸಿರಾಟ ಮಾಡಬಹುದು, ಆಸ್ಪತ್ರೆಯಲ್ಲಿ ಚೆಂಡು ಮೇಲೇರಿಸುವ ಉಪಕರಣ ಕೊಟ್ಟು ಮಾಡಿಸುವುದೂ ಅದನ್ನೇ.

ಶಸ್ತ್ರಚಿಕಿತ್ಸೆ ಯಾರಿಗೆ? ಸಾಮಾನ್ಯವಾಗಿ ಎರಡನೇ ಸಲ ಕುಸಿದಾಗ, ಇಲ್ಲವೇ ಸೋರಿಕೆ ನಿಲ್ಲದಿದ್ದಾಗ. ಪಕ್ಕೆಯಲ್ಲಿ ಎರಡು ಮೂರು ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ, ಗುಳ್ಳೆಯಿರುವ ತುದಿಯನ್ನು ಕತ್ತರಿಸಿ, ಹೊದಿಕೆಯನ್ನು ಉಜ್ಜಿಯೋ ಪುಡಿ ಹಾಕಿಯೋ ಅಂಟಿಸುತ್ತಾರೆ. ಆಮೇಲೆ ಮರುಕಳಿಸುವ ಸಂಭವ ಶೇ 5ರ ಆಸುಪಾಸಿಗೆ ಇಳಿಯುತ್ತದೆ. ಪೈಲಟ್‌ಗಳು, ಸೈನಿಕರು, ಮುಳುಗುಗಾರರಂಥವರಿಗೆ ಮೊದಲ ಸಲಕ್ಕೇ ಮಾಡುವುದನ್ನು 2023ರ ಬ್ರಿಟಿಷ್ ಮಾರ್ಗಸೂಚಿ ಒಪ್ಪುತ್ತದೆ. ಇದಾದ ಮೇಲೆ ಪಕ್ಕೆಯಲ್ಲಿ ಜೋಮು, ಆಗಾಗ ಚುಚ್ಚುವ ನೋವು ತಿಂಗಳುಗಟ್ಟಲೆ ಇರಬಹುದು. ಪ್ರತಿ ಚುಚ್ಚಿಗೂ ‘ಮತ್ತೆ ಆಯಿತು’ ಎಂದು ಎದೆ ಧಸಕ್ಕೆನ್ನುತ್ತದೆ. ಅನುಮಾನ ಬಂದರೆ ಒಂದು ಎಕ್ಸ್‌ರೇ ತೆಗೆಸುವುದು ಅವಮಾನವೇನಲ್ಲ.

ಕೊನೆಯದಾಗಿ ಒಂದು ಹಾಳೆಯ ವಿಷಯ. ಸ್ಕೂಬಾಕ್ಕೆ ಹೋದರೆ ಮೊದಲು ಆರೋಗ್ಯದ ನಮೂನೆ ಕೊಡುತ್ತಾರೆ. ಜಗತ್ತಿನ ಹೆಚ್ಚಿನ ಕಡೆ ಬಳಸುವ ನಮೂನೆಯಲ್ಲಿ ಎದೆಯ ಶಸ್ತ್ರಚಿಕಿತ್ಸೆ, ಸ್ಟೆಂಟ್‌ಗಳ ಸಾಲಿನಲ್ಲೇ ಶ್ವಾಸಕೋಶ ಕುಸಿತವನ್ನೂ ಹೆಸರಿಸಿ ಕೇಳಲಾಗಿದೆ. ದೋಣಿ ಹೊರಡುವ ಅವಸರದಲ್ಲಿ, ಗೆಳೆಯರೆಲ್ಲ ಎಲ್ಲಕ್ಕೂ ‘ಇಲ್ಲ’ ಎಂದು ಗೀಚುತ್ತಿರುವಾಗ, ‘ಹೌದು’ ಎಂದು ಬರೆದರೆ ವೈದ್ಯರ ಸಹಿ ತರಲು ಹೇಳುತ್ತಾರೆ, ಕೊಟ್ಟ ದುಡ್ಡು ಹೋಗುತ್ತದೆ. ಆದರೂ ಬರೆಯಬೇಕು. ಹಾಗೆ ಬರೆದವರನ್ನು ವಾಪಸು ಕಳಿಸಿ ದುಡ್ಡನ್ನೂ ಹಿಂದಿರುಗಿಸುವುದು ಆಯೋಜಕರ ಕರ್ತವ್ಯ. ದುಡ್ಡು ಉಳಿಸುವುದಕ್ಕೆ ಸುಳ್ಳು ಹೇಳುವ ಸ್ಥಿತಿ ಯಾರಿಗೂ ಬರಬಾರದು.

ವೈದ್ಯರಲ್ಲೂ ಒಂದು ಕೋರಿಕೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಶ್ರಮದ ಕೆಲಸ ಬೇಡ’ ಎಂಬ ಒಂದು ಸಾಲು ಯಾವ ಹುಡುಗನನ್ನೂ ತಡೆಯುವುದಿಲ್ಲ, ಯಾವ ಹುಡುಗನಿಗೂ ದಾರಿ ತೋರುವುದೂ ಇಲ್ಲ. ಕುಸಿದದ್ದು ತಾನಾಗಿಯೋ ಪೆಟ್ಟಿನಿಂದಲೋ, ಪೂರ್ತಿ ಅರಳಿದ್ದು ಎಕ್ಸ್‌ರೇಯಲ್ಲಿ ಕಂಡ ದಿನಾಂಕ, ವಿಮಾನ ಹತ್ತಬಹುದಾದ ದಿನಾಂಕ, ಸ್ಕೂಬಾ ಆಗುತ್ತದೋ ಇಲ್ಲವೋ ಎಂಬುದನ್ನು ಅದೇ ಚೀಟಿಯಲ್ಲಿ ಬರೆದುಕೊಡಿ. ರೋಗಿಗಳೇ, ಅವರು ಮರೆತರೆ ಕೇಳಿ ಬರೆಸಿಕೊಳ್ಳಿ, ಅದರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಎಲ್ಲಿಗೇ ಹೋಗಲಿ, ಒಂದು ಬದಿ ಎದೆ ಚುಚ್ಚಿ ಉಸಿರು ಸಾಲದೆ ಬಂದರೆ ಮೊದಲು ನೋಡುವ ವೈದ್ಯರ ಮುಂದೆ ಅದನ್ನೇ ಹಿಡಿಯಿರಿ.